ಕಂಬಿಯ ರೇಟೂ ಕ್ವೀನ್ಸ್‌ಲ್ಯಾಂಡಿನ ಮಳೆಯೂ

ಹಾರ್ಡ್‌ವೇರ್ ಅಂಗಡಿಯಲ್ಲಿ ಬೀಗ, ನಲ್ಲಿ, ಬಣ್ಣದ ಡಬ್ಬಗಳಿಗೆಲ್ಲ ಬೆಲೆ ಅಚ್ಚು ಹಾಕಿರುತ್ತಾರೆ. ಸಿಮೆಂಟು, ಕಂಬಿಗಳ ಬೆಲೆಯನ್ನು ಮಾತ್ರ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಸಿಮೆಂಟಿನ ಚೀಲದ ಮೇಲೂ ಗರಿಷ್ಠ ಮಾರಾಟ ಬೆಲೆ ಎಂದು ಒಂದು ಅಂಕಿ ಇರುವುದು ನಿಜ. ಆದರೆ ಆ ಬೆಲೆ ಕೊಟ್ಟು ಸಿಮೆಂಟ್ ಕೊಂಡವನನ್ನು ನಾನಿನ್ನೂ ನೋಡಿಲ್ಲ. ಹಲಗೆಯ ಮೇಲಿನದೇ ಖರೆ ಬೆಲೆ. ಶಿವಮೊಗ್ಗದಲ್ಲಿ ನಾನು ಹೋಗುವ ಅಂಗಡಿಯಲ್ಲಿ ಆ ಹಲಗೆಯ ಪಕ್ಕದ ಮೊಳೆಗೆ ಒಂದು ಒರೆಸುವ ಬಟ್ಟೆ ನೇತುಹಾಕಿದ್ದಾರೆ. ಅಂಗಡಿಯ ಹುಡುಗ ಬೆಳಗ್ಗೆ ಬಂದವನೇ ದೇವರ ಪಟಕ್ಕೆ ಊದುಬತ್ತಿ ಬೆಳಗಿ, ಮೊಬೈಲಿನಲ್ಲಿ ಡೀಲರು ಕಳಿಸಿದ ಸಂದೇಶ ನೋಡಿ, ಬಟ್ಟೆ ಕೈಗೆತ್ತಿಕೊಳ್ಳುತ್ತಾನೆ. ಅವನ ಕೈ ಎಂಟು ಎಂಎಂ ಕಂಬಿಯ ಸಾಲಿನ ಕಡೆ ಹೋಗುತ್ತದೋ, ಸಿಮೆಂಟಿನ ಸಾಲಿನ ಕಡೆ ಹೋಗುತ್ತದೋ ಎಂದು ಉಸಿರು ಬಿಗಿಹಿಡಿದು ನೋಡುವ ಒಂದು ಸಣ್ಣ ಗುಂಪು ಯಾವಾಗಲೂ ಅಲ್ಲಿರುತ್ತದೆ. ಎಲ್ಲರೂ ಅರ್ಧ ಮನೆ ಕಟ್ಟಿದವರು. ಷೇರು ವ್ಯವಹಾರದವರಿಗೆ ಮುಂಬಯಿಯಲ್ಲಿ ದೊಡ್ಡ ಕಟ್ಟಡವೇ ಇದೆ. ನಮಗೆ ಈ ಅಂಗಡಿಯ ಮೆಟ್ಟಿಲು.

ಹಳೆಯ ಮನೆಯ ತಾರಸಿಯ ಮೇಲೆ ಎರಡು ಕೋಣೆ, ಮುಂದೊಂದು ಜಗಲಿ ಕಟ್ಟಿಸಲು ಹೊರಟು ನಾನೂ ಆ ಗುಂಪು ಸೇರಿದೆ. ಮನೆ ಕಟ್ಟಿಸುವುದೆಂದರೆ ದುಡ್ಡು ಕಳೆಯುವುದು ಎಂದಷ್ಟೇ ತಿಳಿದವರು ಅದರಿಂದ ಸಿಗುವ ವಿದ್ಯಾಭ್ಯಾಸವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. "ರೇಟು ಯಾಕೆ ಏರಿತು?" ಎಂಬ ಒಂದೇ ಪ್ರಶ್ನೆಯ ಬೆನ್ನು ಹತ್ತಿ ನಾನು ಕಲಿತ ಭೂಗೋಳ, ಹೈಸ್ಕೂಲಿನ ಮೇಷ್ಟ್ರು ಬೆತ್ತ ಹಿಡಿದು ಕಲಿಸಿದ್ದಕ್ಕಿಂತ ಹೆಚ್ಚು. ಮೇಸ್ತ್ರಿಯನ್ನು ಕೇಳಿದರೆ "ಅಂಗ್ಡಿಯೋರು ಏರ್ಸಿದಾರೆ ಸಾರ್" ಎನ್ನುತ್ತಾರೆ. ಅಂಗಡಿಯವರು ಡೀಲರನ್ನು ತೋರಿಸುತ್ತಾರೆ. ಡೀಲರು ಕಂಪನಿಯ ಕಡೆ ಕೈ ಮಾಡುತ್ತಾರೆ. ಬೆವರುತ್ತ ಬೈಕಿನಲ್ಲಿ ಬರುವ ಕಂಪನಿಯ ಪ್ರತಿನಿಧಿ, ಕೊರಳಿನ ಟೈ ಸಡಿಲಿಸಿಕೊಂಡು, "ಗ್ಲೋಬಲ್ ಸಿಚುಯೇಷನ್ ಸಾರ್" ಎಂದು ಆಕಾಶ ನೋಡುತ್ತಾನೆ. ಬೆಲೆ ಏರಿದ್ದು ನಮ್ಮೂರಿನಲ್ಲಿ. ಕಾರಣ ಮಾತ್ರ ಯಾವಾಗ ಕೇಳಿದರೂ ಪರಸ್ಥಳಕ್ಕೆ ಹೋಗಿರುತ್ತದೆ. ಇವರಲ್ಲಿ ಒಬ್ಬರಾದರೂ ಸುಳ್ಳು ಹೇಳುತ್ತಿದ್ದರೆ ಜಗಳವಾಡಬಹುದಿತ್ತು. ಯಾರೂ ಹೇಳುತ್ತಿರಲಿಲ್ಲ, ಅದೇ ತೊಂದರೆ.

ಕಂಬಿಯನ್ನೇ ತೆಗೆದುಕೊಳ್ಳಿ. ಅದಿರು ನಮ್ಮ ಬಳ್ಳಾರಿಯದು. ಆದರೆ ಅದಿರನ್ನು ಊದುಕುಲುಮೆಯಲ್ಲಿ ಕರಗಿಸಲು ಕೋಕಿಂಗ್ ಕಲ್ಲಿದ್ದಲು ಬೇಕು, ಒಂದು ಟನ್ ಉಕ್ಕಿಗೆ ಹತ್ತಿರ ಹತ್ತಿರ ಮುಕ್ಕಾಲು ಟನ್. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯೇ ಹೆಚ್ಚು. ಹಾಗಾಗಿ ಈ ಜಾತಿಯ ಕಲ್ಲಿದ್ದಲು ಬಹುಪಾಲು ಹೊರಗಿನಿಂದಲೇ ಬರಬೇಕು, ಅದರಲ್ಲೂ ದೊಡ್ಡ ಪಾಲು ಆಸ್ಟ್ರೇಲಿಯಾದಿಂದ. ಆಸ್ಟ್ರೇಲಿಯಾದಲ್ಲಿ ಅದು ಸಿಗುವುದು ಮುಖ್ಯವಾಗಿ ಕ್ವೀನ್ಸ್‌ಲ್ಯಾಂಡಿನಲ್ಲಿ. 2010ರ ಕೊನೆಗೆ, 2011ರ ಮೊದಲಿಗೆ ಅಲ್ಲಿ ಭಾರೀ ಮಳೆ ಬಿದ್ದು ಗಣಿಗಳಲ್ಲಿ ನೀರು ನಿಂತಿತು, ರೈಲು ಹಳಿಗಳು ಮುಳುಗಿದವು. ಜಗತ್ತಿನ ಕಲ್ಲಿದ್ದಲ ಬೆಲೆ ನೆಗೆಯಿತು. ಆಗುಂಬೆಯಲ್ಲಿ ಮಳೆಯಾದರೆ ತುಂಗೆ ಉಕ್ಕುತ್ತಾಳೆಂಬುದು ನಮಗೆ ಚಿಕ್ಕಂದಿನಿಂದ ಗೊತ್ತು. ಕ್ವೀನ್ಸ್‌ಲ್ಯಾಂಡಿನಲ್ಲಿ ಮಳೆಯಾದರೆ ನಮ್ಮ ಗೋಪಾಳ ಬಡಾವಣೆಯಲ್ಲಿ ಮೋಲ್ಡ್ ಹಾಕುವುದು ನಿಲ್ಲುತ್ತದೆಂಬುದನ್ನು ಯಾವ ಪಂಚಾಂಗವೂ ಬರೆದಿರಲಿಲ್ಲ. ಸಾಲದ್ದಕ್ಕೆ ಅದೇ 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು; ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಳಿಗೆ ಬೀಗ ಹಾಕಿಸಿತು. ಬೀಗ ಹಾಕಿಸಿದ್ದು ಸರಿಯೇ. ಆದರೆ ಅಕ್ರಮ ಮಾಡಿದವರೂ ಆ ವರ್ಷ ಮನೆ ಕಟ್ಟಿದವರೂ ಬೇರೆ ಬೇರೆಯವರಾಗಿದ್ದರು ಎಂಬುದನ್ನು ಮಾತ್ರ ಹೇಳಬೇಕು.

ನಮ್ಮ ಮೇಸ್ತ್ರಿ ಇದನ್ನೆಲ್ಲ ಕೇಳಿಸಿಕೊಂಡು, "ಹಂಗಾದ್ರೆ ಲೋಕಲ್ ಕಂಬಿ ತಗೊಳ್ಳಿ ಸಾರ್" ಎಂದರು. ಲೋಕಲ್ ಕಂಬಿಯೆಂದರೆ ಸಣ್ಣ ಕಾರ್ಖಾನೆಗಳಲ್ಲಿ ಗುಜರಿ ಕಬ್ಬಿಣ ಕರಗಿಸಿ ಎಳೆದದ್ದು. ಅದಕ್ಕೆ ಆಸ್ಟ್ರೇಲಿಯಾದ ಕಲ್ಲಿದ್ದಲಿನ ಹಂಗಿಲ್ಲ, ವಿದ್ಯುತ್ ಕುಲುಮೆ ಸಾಕು. ಆದರೂ ದೊಡ್ಡ ಕಂಪನಿಯ ಕಂಬಿ ಏರಿದ ದಿನವೇ ಲೋಕಲ್ ಕಂಬಿಯೂ ಏರುತ್ತದೆ. ಯಾಕಪ್ಪಾ ಎಂದು ಅಂಗಡಿಯ ಹುಡುಗನನ್ನು ಕೇಳಿದೆ. "ದೊಡ್ಡೋರು ಏರಿದ್ಮೇಲೆ ಇವ್ರು ಹೆಂಗ್ ಸಾರ್ ಕೆಳಗೇ ಕೂರ್ತಾರೆ?" ಎಂದ. ಇದಕ್ಕಿಂತ ಚೆನ್ನಾಗಿ ಅರ್ಥಶಾಸ್ತ್ರ ಹೇಳಿದವರನ್ನು ನಾನು ಓದಿಲ್ಲ.

ಅವನೇ ನನಗೆ ಇನ್ನೊಂದು ಲೆಕ್ಕ ಕಲಿಸಿದ. ಕಂಬಿಯ ದಪ್ಪವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಬರುತ್ತದೆ. ಹನ್ನೆರಡು ಎಂಎಂ ಕಂಬಿಯಾದರೆ ಹನ್ನೆರಡು ಹನ್ನೆರಡಲಿ 144, ಭಾಗಿಸು 162. ಮೀಟರಿಗೆ 890 ಗ್ರಾಂಗೆ ತುಸು ಕಡಿಮೆ. ಹನ್ನೆರಡು ಮೀಟರಿನ ಒಂದು ಉದ್ದ ಕಂಬಿ ಹತ್ತು ಕೆಜಿ 660 ಗ್ರಾಂ ತೂಗಬೇಕು. ಈ ದಪ್ಪದ ಕಂಬಿಗೆ ನೂರಕ್ಕೆ ಐದರಷ್ಟು ಹೆಚ್ಚುಕಮ್ಮಿ ಇರಬಹುದೆಂದು ಭಾರತೀಯ ಮಾನಕವೇ ಒಪ್ಪುತ್ತದೆ. ಎಣಿಕೆಯ ಮೇಲೆ ಕಂಬಿ ಕೊಂಡರೆ ಆ ಐದು ಯಾವಾಗಲೂ ಕಮ್ಮಿಯ ಕಡೆಯೇ ಇರುತ್ತದೆ, ಹೆಚ್ಚಿನ ಕಡೆ ವಾಲಿದ ಕಂಬಿ ನನ್ನ ಕಣ್ಣಿಗೆ ಬಿದ್ದಿಲ್ಲ. ಹಲಗೆಯ ಮೇಲೆ ಬರೆಯದ ಬೆಲೆ ಏರಿಕೆ ಎಂದರೆ ಇದು. ಇಟ್ಟಿಗೆಯದೂ ಅದೇ ಕಥೆ. ಒಂಬತ್ತು ಇಂಚಿನ ಇಟ್ಟಿಗೆ ಎಂದು ಇಳಿಸಿದ ಲೋಡಿನಿಂದ ಒಂದನ್ನು ಎತ್ತಿ ಟೇಪು ಹಿಡಿದೆ. ಎಂಟೂಕಾಲು. ಲಾರಿಯವನು ಟೇಪನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಬೆಂದಾಗ ಕುಗ್ತದೆ ಸಾರ್" ಎಂದ. ನನಗೂ ಬೆಂದು ಕುಗ್ಗಿ ಅಭ್ಯಾಸವಾಗಿದ್ದರಿಂದ ಸುಮ್ಮನಾದೆ.

ಶಿವಮೊಗ್ಗದವನಾಗಿ ಕಂಬಿಯ ಮಾತೆತ್ತಿ ಭದ್ರಾವತಿಯನ್ನು ನೆನೆಯದಿದ್ದರೆ ತಪ್ಪಾದೀತು. ಅಲ್ಲಿನ ಕಾರ್ಖಾನೆ 1923ರಲ್ಲಿ ಕಬ್ಬಿಣ ತೆಗೆಯಲು ಶುರು ಮಾಡಿದಾಗ ಆಸ್ಟ್ರೇಲಿಯಾವೂ ಬೇಕಿರಲಿಲ್ಲ, ಕಲ್ಲಿದ್ದಲೂ ಬೇಕಿರಲಿಲ್ಲ. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡುಮರದ ಇದ್ದಿಲು. ಸರ್ ಎಂ. ವಿಶ್ವೇಶ್ವರಯ್ಯನವರು ಕಾರ್ಖಾನೆಯ ಆಡಳಿತ ನಡೆಸುತ್ತಿದ್ದಾಗ ಒಂದೊಂದು ಪೈಸೆಗೂ ಲೆಕ್ಕವಿತ್ತಂತೆ. ನಮ್ಮ ಬೀದಿಯ ಹಿರಿಯರೊಬ್ಬರು ಇದನ್ನು ಹೇಳಿ, "ಹದಿನೆಂಟು ಕಿಲೋಮೀಟರು ದೂರದಲ್ಲಿ ಕಬ್ಬಿಣ ಇಟ್ಕೊಂಡು ಪರದೇಶದ ಮಳೆಗೆ ಹೆದರೋ ಹಣೆಬರಹ ನೋಡಿ" ಎಂದು ನಿಟ್ಟುಸಿರಿಡುತ್ತಾರೆ. ನನಗೆ ಆ ನಿಟ್ಟುಸಿರಿನಲ್ಲಿ ಪಾಲು ಬೇಡ. ಅಂದಿನ ಬಿಲ್ಲಿನಲ್ಲಿ ಕಾಡಿನ ಬೆಲೆಯನ್ನು ಯಾರೂ ಬರೆಯುತ್ತಿರಲಿಲ್ಲ, ಅಷ್ಟೇ. ಬರೆದಿದ್ದರೆ ಆ ಕಬ್ಬಿಣವೂ ಅಗ್ಗವಾಗಿರುತ್ತಿರಲಿಲ್ಲ.

ಸಿಮೆಂಟಿನ ವಿಷಯ ಬೇರೆ. ಅದರ ಮೂಲ ಸುಣ್ಣದಕಲ್ಲು. ಕಲಬುರಗಿ ಸೀಮೆಯ ಸೇಡಂ, ವಾಡಿ, ಶಹಾಬಾದ್ ಕಡೆಗೆ ಹೋದರೆ ನೆಲವೇ ಸುಣ್ಣದಕಲ್ಲು. ಅದನ್ನು ಜೇಡಿಯ ಜೊತೆ 1,450 ಡಿಗ್ರಿ ಕಾವಿನಲ್ಲಿ ಬೇಯಿಸಬೇಕು. ಹಾಗಾಗಿ ಉರುವಲು ದುಬಾರಿಯಾದರೆ ಸಿಮೆಂಟೂ ದುಬಾರಿ. ಜೊತೆಗೆ ಸಿಮೆಂಟು ತೂಕದಲ್ಲಿ ಘನವಾದದ್ದು, ಬೆಲೆಯಲ್ಲಿ ಚಿನ್ನವಲ್ಲದ್ದು. ಬಹಳ ದೂರ ಸಾಗಿಸಿದರೆ ಬಾಡಿಗೆಯೇ ಮೈಮೇಲೆ ಬರುತ್ತದೆ. ಆದ್ದರಿಂದ ಒಂದೊಂದು ಸೀಮೆಗೆ ನಾಲ್ಕಾರು ಕಂಪನಿಗಳು, ನಾಲ್ಕಾರು ಜನಕ್ಕೆ ಒಬ್ಬರಿಗೊಬ್ಬರ ಪರಿಚಯ. 2012ರ ಜೂನಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಹನ್ನೊಂದು ಸಿಮೆಂಟ್ ಕಂಪನಿಗಳು ಒಳಗೊಳಗೇ ಮಾತಾಡಿಕೊಂಡು ಬೆಲೆ ಏರಿಸಿವೆ ಎಂದು ಆರು ಸಾವಿರ ಕೋಟಿ ರೂಪಾಯಿ ಮೀರಿದ ದಂಡ ಹಾಕಿತು. ಕಂಪನಿಗಳು ಒಪ್ಪಲಿಲ್ಲ. ಮೇಲ್ಮನವಿ, ಮರುವಿಚಾರಣೆ, ಮತ್ತೆ ದಂಡ, ಮತ್ತೆ ಮೇಲ್ಮನವಿ ಎಂದು ಅದು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ನಮ್ಮ ಬೀದಿಯಲ್ಲಿ ಆ ದಂಡದ ಸುದ್ದಿ ಓದಿದ ನಿವೃತ್ತ ಗುಮಾಸ್ತರೊಬ್ಬರು ತಮ್ಮ ಪಾಲು ವಾಪಸು ಬರುತ್ತದೆಂದು ಹಳೆಯ ಬಿಲ್ಲುಗಳನ್ನೆಲ್ಲ ದಾರ ಕಟ್ಟಿ ಇಟ್ಟುಕೊಂಡಿದ್ದರು.

ಹಾಗೆಂದು ಬೆಲೆಯನ್ನು ಸರ್ಕಾರವೇ ಗೊತ್ತು ಮಾಡುತ್ತಿದ್ದ ಕಾಲ ಸ್ವರ್ಗವಾಗಿತ್ತೇ? ಅಪ್ಪನ ಕಾಲದಲ್ಲಿ ಸಿಮೆಂಟಿನ ಬೆಲೆ ಏರುತ್ತಿರಲಿಲ್ಲ, ಯಾಕೆಂದರೆ ಸಿಮೆಂಟೇ ಇರುತ್ತಿರಲಿಲ್ಲ. ಪರ್ಮಿಟ್ ಬೇಕಿತ್ತು. ಬಾವಿಗೆ ಕಟ್ಟೆ ಕಟ್ಟುತ್ತೇವೆಂದು ಅರ್ಜಿ ಹಾಕಿ ಚೀಲ ಪಡೆದು ಪಡಸಾಲೆಗೆ ರೆಡಾಕ್ಸೈಡ್ ನೆಲ ಮಾಡಿಸಿಕೊಂಡವರು ಊರಿಗೆ ಹತ್ತು ಮಂದಿ. ಆ ಬಾವಿಗಳಿಗೆ ಇವತ್ತಿಗೂ ಕಟ್ಟೆಯಿಲ್ಲ. ದೊಡ್ಡವರ ಮಟ್ಟದಲ್ಲಿ ಇದೇ ವ್ಯವಹಾರ ದೊಡ್ಡದಾಗಿ ನಡೆದು, ಸಿಮೆಂಟ್ ಹಂಚಿಕೆಗೂ ಟ್ರಸ್ಟಿನ ದೇಣಿಗೆಗೂ ಗಂಟು ಬಿದ್ದ ಪ್ರಕರಣದಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿ ಎ.ಆರ್. ಅಂತುಲೆ 1982ರ ಜನವರಿಯಲ್ಲಿ ಕುರ್ಚಿ ಬಿಡಬೇಕಾಯಿತು. ಸಿಮೆಂಟಿನ ಮೇಲಿನ ಹಿಡಿತ ಅದೇ ವರ್ಷ ಅರ್ಧ ಸಡಿಲವಾಯಿತು, 1989ರಲ್ಲಿ ಪೂರ್ತಿ ಹೋಯಿತು. ಅಂದಿನಿಂದ ಸಿಮೆಂಟು ಧಾರಾಳವಾಗಿ ಸಿಗುತ್ತದೆ, ಹಲಗೆಗೆ ಸೀಮೆಸುಣ್ಣ ಬಂದಿದೆ. 2017ರಲ್ಲಿ ಜಿಎಸ್‌ಟಿ ಬಂದಾಗ ಅದನ್ನು ಶೇ 28ರ ಸಾಲಿನಲ್ಲಿ, ಪಾನ್ ಮಸಾಲ ಸಿಗರೇಟುಗಳ ಪಕ್ಕ ಕೂರಿಸಿದರು; ಚಿನ್ನಕ್ಕೆ ಶೇ 3. ಮಗಳಿಗೆ ಸರ ಮಾಡಿಸುವವನು ಸಭ್ಯ, ಬಚ್ಚಲು ಕಟ್ಟಿಸುವವನು ವ್ಯಸನಿ ಎಂಬಂತಿತ್ತು ಲೆಕ್ಕ. 2025ರ ಸೆಪ್ಟೆಂಬರ್ 22ರಿಂದ ಅದು 18ಕ್ಕೆ ಇಳಿದಿದೆ. ಅಂಗಡಿಯ ಹುಡುಗ ಅಂದು ಬಟ್ಟೆ ಎತ್ತಿಕೊಂಡು ಸಿಮೆಂಟಿನ ಅಂಕಿಯನ್ನು ಕೆಳಗಿಳಿಸಿದ್ದನ್ನು ಕಣ್ಣಾರೆ ಕಂಡೆ. ಮೆಟ್ಟಿಲ ಮೇಲಿನ ಗುಂಪಿನಲ್ಲಿ ಒಬ್ಬರು ಫೋಟೋ ತೆಗೆದುಕೊಂಡರು.

ಒಂದು ಸಾಮಾನು ದುಬಾರಿಯಾದರೆ ಬದಲಿ ಹುಡುಕುವುದು ನಮ್ಮ ಮೈಸೂರು ಸೀಮೆಯ ಹಳೆಯ ಜಾಣತನ. 1911ರಲ್ಲಿ ಕನ್ನಂಬಾಡಿ ಕಟ್ಟೆ ಶುರುವಾದಾಗ ಸಿಮೆಂಟು ಹಡಗಿನಲ್ಲಿ ಬರಬೇಕಿದ್ದ ತುಟ್ಟಿ ಸಾಮಾನು. ಸುಣ್ಣಕ್ಕೆ ಇಟ್ಟಿಗೆಪುಡಿ ಬೆರೆಸಿದ ಸುರ್ಕಿ ಗಾರೆಯಲ್ಲೇ ಕಾವೇರಿಯನ್ನು ಕಟ್ಟಿ ನಿಲ್ಲಿಸಿದರು, ಅದು ಇಂದಿಗೂ ನಿಂತಿದೆ. ಆದರೆ ಬದಲಿಯ ಜಾಣತನ ನಡೆಯುವುದು ಅದನ್ನು ಒಬ್ಬಿಬ್ಬರು ಮಾಡುವವರೆಗೆ. ಎಲ್ಲರೂ ಹಿಂದೆ ಬಿದ್ದರೆ ಬದಲಿಯೂ ಯಜಮಾನನಾಗುತ್ತದೆ.

ಮರಳಿನಲ್ಲಿ ಆದದ್ದು ಅದೇ. ನಾವು ಹುಡುಗರಾಗಿದ್ದಾಗ ಮರಳಿಗೆ ಬೆಲೆ ಇರಲಿಲ್ಲ, ಎತ್ತಿನ ಗಾಡಿಗೆ ಬಾಡಿಗೆ ಇತ್ತು. ಹೊಳೆಗೆ ಜೆಸಿಬಿ ಇಳಿದ ಮೇಲೆ ಹೊಳೆಯ ತಳ ಕುಸಿಯಿತು, ಬಾವಿಗಳು ಬತ್ತಿದವು. 2012ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು, ಐದು ಹೆಕ್ಟೇರಿಗಿಂತ ಸಣ್ಣ ಗುತ್ತಿಗೆಯಾದರೂ ಪರಿಸರ ಅನುಮತಿ ಬೇಕೆಂದಿತು. ಮರುವರ್ಷ ಹಸಿರು ನ್ಯಾಯಮಂಡಳಿ ಅನುಮತಿಯಿಲ್ಲದ ಮರಳುಗಾರಿಕೆಯನ್ನು ದೇಶದ ತುಂಬ ನಿಲ್ಲಿಸಿತು. ಕೋರ್ಟು ಹೇಳಿದ್ದರಲ್ಲಿ ಒಂದಕ್ಷರ ತೆಗೆಯುವಂತಿಲ್ಲ. ಆದರೆ ಅನುಮತಿ ಕೊಡುವ ಕಚೇರಿ ತೆರೆಯುವ ಮೊದಲೇ ಹೊಳೆಯ ಬಾಗಿಲು ಮುಚ್ಚಿದ್ದರಿಂದ, ಮರಳು ರಾತ್ರಿ ಸಂಚರಿಸಲು ಕಲಿಯಿತು. ರಾತ್ರಿಯ ಮರಳಿಗೆ ಹಗಲಿನ ಮರಳಿಗಿಂತ ಬೆಲೆ ಹೆಚ್ಚು. ದಾರಿಯಲ್ಲಿ ಎಚ್ಚರವಾಗಿರುವವರಿಗೆಲ್ಲ ಅದು ಕಾಫಿ ಕುಡಿಸುತ್ತ ಬರಬೇಕು.

ಆಗ ಬಂದದ್ದು ಎಂ-ಸ್ಯಾಂಡು, ಅಂದರೆ ಬಂಡೆ ಪುಡಿ ಮಾಡಿದ ಮರಳು. ಮೊದಮೊದಲು ಮೇಸ್ತ್ರಿಗಳು ಅದನ್ನು ಮುಟ್ಟುತ್ತಲೇ ಇರಲಿಲ್ಲ. ಅಂಗೈಯಲ್ಲಿ ತಿಕ್ಕಿ ನೋಡಿ, "ಇದ್ರಾಗೆ ಜೀವ ಇಲ್ಲ" ಎನ್ನುತ್ತಿದ್ದರು. ಅಗ್ಗವಿದ್ದಾಗ ಜೀವವಿಲ್ಲದ್ದು, ಎಲ್ಲರೂ ಕೊಳ್ಳತೊಡಗಿದ ಮೇಲೆ ಜೀವ ಪಡೆದು ಎದ್ದು ನಿಂತಿತು. ಈಗ ಕ್ವಾರಿಗೆ ರಾಯಲ್ಟಿ ಏರಿದರೆ ಅದಕ್ಕೂ ಏರುತ್ತದೆ, ಡೀಸೆಲ್ ಏರಿದರೂ ಏರುತ್ತದೆ, ಟಿಪ್ಪರಿನವರು ಮುಷ್ಕರ ಹೂಡಿದರಂತೂ ಸಿಗುವುದೇ ಇಲ್ಲ.

ಈ ನಡುವೆ ನಡೆದ ಒಂದು ಪ್ರಸಂಗವನ್ನು ಮುಂದಿನವರು ನಂಬಲಿಕ್ಕಿಲ್ಲ, ಅದಕ್ಕೆ ಬರೆದಿಡುತ್ತೇನೆ. 2018ರಲ್ಲಿ ಕರ್ನಾಟಕ ಸರ್ಕಾರದ್ದೇ ಸಂಸ್ಥೆಯಾದ ಎಂಎಸ್‌ಐಎಲ್ ಮಲೇಷ್ಯಾದಿಂದ ಮರಳು ತರಿಸಿ ಮಾರಿತು. ಹಡಗಿನಲ್ಲಿ ಆಂಧ್ರದ ಕೃಷ್ಣಪಟ್ಟಣಂ ಬಂದರಿಗೆ ಬಂದು, ಅಲ್ಲಿಂದ ನಮ್ಮ ರಾಜ್ಯಕ್ಕೆ ಬಂತು. ಅದೂ 50 ಕೆಜಿಯ ಚೀಲಗಳಲ್ಲಿ! ಕಾವೇರಿ, ಕೃಷ್ಣೆ, ತುಂಗಭದ್ರೆ, ನೇತ್ರಾವತಿ, ಶರಾವತಿಯರ ನಾಡಿಗೆ ಹಡಗಿನಲ್ಲಿ ಮರಳು. ನಮ್ಮ ಮೇಸ್ತ್ರಿಗೆ ಸುದ್ದಿ ಹೇಳಿದಾಗ ಅವರು ಕರಣೆ ಕೆಳಗಿಟ್ಟು ಬಹಳ ಹೊತ್ತು ಯೋಚಿಸಿ, "ಅಲ್ಲಿ ಮನೆ ಕಟ್ಟಲ್ವಾ ಸಾರ್?" ಎಂದು ಕೇಳಿದರು.

ಮರದ ಮಾತಿಗೆ ಬರೋಣ. ಮಲೆನಾಡಿನವರಿಗೆ ಇದು ಮರ್ಯಾದೆಯ ಪ್ರಶ್ನೆ. ಕಿಟಕಿಗೆ ಅಲ್ಯೂಮಿನಿಯಂ ಆದೀತು, ಬಚ್ಚಲ ಬಾಗಿಲಿಗೆ ಪ್ಲಾಸ್ಟಿಕ್ಕೂ ಆದೀತು, ಮುಂಬಾಗಿಲು ಮಾತ್ರ ಸಾಗುವಾನಿಯದೇ ಆಗಬೇಕು. ಬಾಗಿಲು ನಿಲ್ಲಿಸುವ ಪೂಜೆಗೆ ಬರುವ ನೆಂಟರು ಅರಿಶಿನ ಕುಂಕುಮ ಹಚ್ಚುವ ನೆಪದಲ್ಲಿ ಉಗುರಿನಿಂದ ಚೌಕಟ್ಟನ್ನು ಕೆರೆದು ನೋಡುತ್ತಾರೆ. ಹೀಗಾಗಿ ನಾನೂ ಅರಣ್ಯ ಇಲಾಖೆಯ ನಾಟಾ ಡಿಪೋಗೆ ಹೋದೆ.

ಡಿಪೋ ನೋಡುವಂಥ ಜಾಗ. ಸಾಲುಸಾಲಾಗಿ ಮಲಗಿದ ದಿಮ್ಮಿಗಳ ತುದಿಯಲ್ಲಿ ಬಣ್ಣದಲ್ಲಿ ಬರೆದ ನಂಬರು, ಇಲಾಖೆಯ ಸುತ್ತಿಗೆಯ ಮುದ್ರೆ. ಅಳತೆಯ ಲೆಕ್ಕ ಬ್ರಿಟಿಷರ ಕಾಲದ್ದು. ದಿಮ್ಮಿಯ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುತ್ತಾರೆ. ನಾಲ್ಕಡಿ ಸುತ್ತಳತೆಯ ಹತ್ತಡಿ ದಿಮ್ಮಿ ಈ ಲೆಕ್ಕದಲ್ಲಿ ಸರಿಯಾಗಿ ಹತ್ತು ಘನ ಅಡಿ. ಶಾಲೆಯ ಗಣಿತದಲ್ಲಿ ಅದು ಹನ್ನೆರಡೂಮುಕ್ಕಾಲು ಘನ ಅಡಿಯ ಹತ್ತಿರ ಬರುತ್ತದೆ. ಉಳಿದ ಎರಡೂಮುಕ್ಕಾಲು ಅಡಿ ತೊಗಟೆಗೆ, ಸೀಳಿಗೆ, ಗರಗಸದ ಹೊಟ್ಟಿಗೆ ಬಿಟ್ಟ ಉಂಬಳಿ. ಕೊಳ್ಳುವವನ ಪರವಾಗಿ ವಾಲಿದ ಅಳತೆ ಈ ಇಡೀ ಗೃಹನಿರ್ಮಾಣದಲ್ಲಿ ನನಗೆ ಸಿಕ್ಕಿದ್ದು ಇದೊಂದೇ. ಸಂತೋಷದಿಂದ ಬೆಲೆ ಕೇಳಿದೆ. ಕೇಳಿದ ಮೇಲೆ, ಆ ಎರಡೂಮುಕ್ಕಾಲು ಅಡಿಯನ್ನೇ ಕೊಂಡರೆ ಸಾಕೆನಿಸಿತು.

ಮರದ ಬೆಲೆ ಏರುವುದಕ್ಕೆ ಬೇರೆಲ್ಲ ಕಾರಣಗಳನ್ನು ಬದಿಗಿಟ್ಟರೂ ಒಂದು ಕಾರಣ ಉಳಿಯುತ್ತದೆ. ಸಿಮೆಂಟು ಸಾಲದಿದ್ದರೆ ಇನ್ನೊಂದು ಗೂಡು ಹಚ್ಚಬಹುದು. ಸಾಗುವಾನಿ ಸಾಲದೆಂದು ಇವತ್ತು ಸಸಿ ನೆಟ್ಟರೆ, ಒಳ್ಳೆಯ ಕೆಚ್ಚು ಕೂಡಿ ಕಡಿಯಲು ಅರವತ್ತು ವರ್ಷ. ಬೇಕು ಅನಿಸುವುದು ಮಾತ್ರ ಒಂದೇ ರಾತ್ರಿಯಲ್ಲಿ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕಾಡಿನ ಮರ ಕಡಿಯುವುದಕ್ಕೆ ದೇಶದಾದ್ಯಂತ ಕಡಿವಾಣ ಹಾಕಿತು. ಆಮೇಲೆ ಬರ್ಮಾ ತೇಗ ನಮ್ಮ ಬಾಗಿಲುಗಳನ್ನು ಕಾಯಿತು. 2014ರ ಏಪ್ರಿಲ್ ಒಂದರಿಂದ ಆ ದೇಶವೂ ದಿಮ್ಮಿಗಳ ರಫ್ತು ನಿಲ್ಲಿಸಿತು. ಈಗ ಆಫ್ರಿಕಾದ ತೇಗ ಬರುತ್ತದೆ, ಈಕ್ವೆಡಾರಿನ ತೋಪುಗಳ ಎಳೆಯ ತೇಗ ಬರುತ್ತದೆ, 'ಮಲೇಷಿಯನ್ ಸಾಲ್' ಎಂಬ ಹೆಸರಿನಲ್ಲಿ ಹತ್ತಾರು ಜಾತಿಯ ಮರಗಳು ಬರುತ್ತವೆ. ಡಾಲರು ಏರಿದರೆ ಇವೂ ಏರುತ್ತವೆ. ತೀರ್ಥಹಳ್ಳಿ ಕಡೆಯ ನಮ್ಮ ನೆಂಟರೊಬ್ಬರ ಹಿತ್ತಿಲಲ್ಲಿ ಎರಡು ಆಳು ತಬ್ಬಿದರೂ ಸಾಲದ ಹೊನ್ನೆ ಮರವಿದೆ. ಅದನ್ನು ಕಡಿಯಲು ಅನುಮತಿ, ಅಳತೆ, ಮಹಜರು, ಸಾಗಣೆಗೆ ಪಾಸು ಎಂದು ಓಡಾಡುವುದಕ್ಕಿಂತ ಸುಲಭವೆಂದು ಅವರು ಘಾನಾ ದೇಶದ ಮರದಲ್ಲಿ ಬಾಗಿಲು ಮಾಡಿಸಿದರು. ಹೊನ್ನೆ ಮರ ಕಿಟಕಿಯಿಂದ ಚೆನ್ನಾಗಿ ಕಾಣುತ್ತದೆ. ಕಾನೂನು ಇಲ್ಲದಿದ್ದರೆ ಅದು ಕಾಣುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ.

ಮಲೆನಾಡಿನಲ್ಲಿ ಇನ್ನೊಂದು ಕಾರಣವಿದೆ, ಅದು ಯಾವ ಪತ್ರಿಕೆಯ ವಾಣಿಜ್ಯ ಪುಟದಲ್ಲೂ ಬರುವುದಿಲ್ಲ: ಅಡಿಕೆ. 2014ರಲ್ಲಿ ಅಡಿಕೆಯ ಧಾರಣೆ ಹಿಂದೆಂದೂ ಕಾಣದಷ್ಟು ಮೇಲೆ ಹೋಯಿತು. ತೋಟವಿದ್ದವರಿಗೆಲ್ಲ ತಮ್ಮ ಮನೆ ಹಳೆಯದೆಂದು ಏಕಕಾಲಕ್ಕೆ ಹೊಳೆಯಿತು. ಬಡಗಿಗಳು ಫೋನ್ ಎತ್ತುವುದನ್ನು ಬಿಟ್ಟರು. ಗಾರೆಯವರು ಬೆಳಗ್ಗೆ ಒಂದು ಮನೆಯಲ್ಲಿ ದಾರ ಕಟ್ಟಿ, ಮಧ್ಯಾಹ್ನ ಇನ್ನೊಂದು ಮನೆಯಲ್ಲಿ ಕಾಣಿಸಿಕೊಂಡರು. ಅಡಿಕೆ ಇಲ್ಲದ, ಸಂಬಳದ ಮೇಲೆ ಬದುಕುವ ನನ್ನಂಥವರು ಪೇಪರಿನಲ್ಲಿ ರಾಶಿ ಅಡಿಕೆಯ ಧಾರಣೆ ನೋಡಿ ನಮ್ಮ ಬಾಗಿಲಿನ ಬೆಲೆ ಲೆಕ್ಕ ಹಾಕುವುದನ್ನು ಕಲಿತೆವು.

ಇದೆಲ್ಲ ನಮ್ಮ ದೇಶದ ಅವ್ಯವಸ್ಥೆ ಎಂದುಕೊಳ್ಳುವವರಿಗೆ ಅಮೆರಿಕದ ಕಥೆ ಹೇಳಬೇಕು. ಪಕ್ಕದ ಮನೆಯವರ ಮಗಳು ನಾರ್ತ್ ಕೆರೊಲಿನಾದಲ್ಲಿದ್ದಾಳೆ. ಅಲ್ಲಿ ಮನೆಯೆಂದರೆ ಗೋಡೆ, ಮಾಡು ಎಲ್ಲ ಮರದ್ದೇ. 2021ರಲ್ಲಿ ಮನೆಯ ಹಿಂದೆ ಮರದ ಜಗಲಿ ಮಾಡಿಸಲು ಹೊರಟು, ಅಂಗಡಿಯ ಬೆಲೆ ನೋಡಿ, ಅಮ್ಮನಿಗೆ ಫೋನು ಮಾಡಿ ಅತ್ತುಬಿಟ್ಟಳು. ಕೊರೋನಾಕ್ಕೆ ಮುಂಚೆ ಸಾವಿರ ಬೋರ್ಡ್ ಅಡಿಗೆ 400 ಡಾಲರಿನ ಆಸುಪಾಸು ಇದ್ದ ಮರ ಆ ವರ್ಷದ ಮೇ ತಿಂಗಳಲ್ಲಿ 1,600 ದಾಟಿತು. ರೋಗ ಬಂತು, ಇನ್ನು ಮನೆ ಕಟ್ಟುವವರಿಲ್ಲ ಎಂದು ಮರದ ಮಿಲ್ಲುಗಳು ಕೆಲಸ ತಗ್ಗಿಸಿದ್ದವು. ಮನೆಯಲ್ಲೇ ಕೂತ ಜನಕ್ಕೆ ಮನೆಯ ಕುಂದುಕೊರತೆಯೆಲ್ಲ ಕಣ್ಣಿಗೆ ಬಿದ್ದು, ಬಡ್ಡಿಯೂ ಕಡಿಮೆಯಿದ್ದು, ಎಲ್ಲರೂ ಒಟ್ಟಿಗೆ ಸುತ್ತಿಗೆ ಹಿಡಿದರು. ಅದಕ್ಕೂ ಹಿಂದೆ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಅಕ್ಕಿಕಾಳಿನಷ್ಟು ಗಾತ್ರದ ಒಂದು ದುಂಬಿ ವರ್ಷಗಟ್ಟಲೆ ಪೈನ್ ಕಾಡುಗಳನ್ನು ಕೊಂದು ಹಾಕಿತ್ತು. ಚಳಿಗಾಲದ ಕಡುಚಳಿಗೆ ಸಾಯಬೇಕಿದ್ದ ಅದರ ಮರಿಗಳು, ಚಳಿಯೇ ಸಾಕಷ್ಟು ಬೀಳದೆ ಬದುಕಿಬಿಟ್ಟಿದ್ದವು. ಸತ್ತ ಮರವಿರುವಷ್ಟು ದಿನ ಕೊಯ್ದು, ಮುಗಿದ ಮೇಲೆ ಮಿಲ್ಲುಗಳು ಮುಚ್ಚಿದವು. ಕೆನಡಾದ ಮರದ ಮೇಲೆ ಅಮೆರಿಕ ಹಾಕುವ ಸುಂಕ ಬೇರೆ. ಆಗಸ್ಟ್ ಹೊತ್ತಿಗೆ ಸಗಟು ಬೆಲೆ 500 ಡಾಲರಿನ ಆಸುಪಾಸಿಗೆ ಬಿತ್ತು. ಅಂಗಡಿಯ ಬೆಲೆ ಮಾತ್ರ ನಿಧಾನವಾಗಿ, ಕೋಲೂರಿಕೊಂಡು ಇಳಿಯಿತು. ಅವಳು ಜೂನಿನಲ್ಲೇ ಕೊಂಡಾಗಿತ್ತು.

ನನಗೆ ಕಂಡದ್ದು ಇಷ್ಟು. ಕಲ್ಲು, ಮರ, ಉಕ್ಕು ಇವೆಲ್ಲ ದೂರದಿಂದ, ನಿಧಾನವಾಗಿ ಬರುವ ವಸ್ತುಗಳು. ನಮ್ಮ ಬೇಡಿಕೆ ಮಾತ್ರ ಗುಂಪುಗಟ್ಟಿ ಬರುತ್ತದೆ. ಆಷಾಢದಲ್ಲಿ ಗೃಹಪ್ರವೇಶವಿಲ್ಲ, ಆದ್ದರಿಂದ ಎಲ್ಲರ ಗೃಹಪ್ರವೇಶವೂ ಅದಕ್ಕೆ ಮುಂಚೆ. ಮಳೆಗಾಲದಲ್ಲಿ ಹೊಳೆಗೆ ಇಳಿಯುವಂತಿಲ್ಲ, ಇಟ್ಟಿಗೆ ಗೂಡು ಉರಿಯುವುದಿಲ್ಲ, ಕೆಲಸದವರು ಬಿತ್ತನೆಗೆ ಊರಿಗೆ ಹೋಗುತ್ತಾರೆ. ಆದ್ದರಿಂದ ಎಲ್ಲರ ಮೋಲ್ಡೂ ಬೇಸಿಗೆಯಲ್ಲಿ. ಮಾರ್ಚ್ ಮುಗಿಯುವುದರೊಳಗೆ ಅನುದಾನ ಖರ್ಚಾಗಬೇಕು, ಆದ್ದರಿಂದ ಸರ್ಕಾರದ ಚರಂಡಿ, ರಸ್ತೆ, ಶಾಲೆ ಕಾಂಪೌಂಡು ಎಲ್ಲವೂ ಅದೇ ತಿಂಗಳು ಸಿಮೆಂಟು ಕೇಳುತ್ತವೆ. ಇಷ್ಟರ ಮೇಲೆ, ಅರ್ಧ ಗೋಡೆ ಎಬ್ಬಿಸಿದವನು ಕಾಯಲಾರ. ಲಿಂಟಲ್ ಮಟ್ಟಕ್ಕೆ ಬಂದ ಮನೆಯ ಯಜಮಾನನೆಂದರೆ ಪ್ರಸವದ ಕೋಣೆಯ ಹೊರಗೆ ನಿಂತ ಗಂಡ. ಯಾವ ಚೀಟಿ ಕೊಟ್ಟರೂ ಓಡಿಹೋಗಿ ತರುತ್ತಾನೆ, ಬೆಲೆ ಕೇಳುವುದಿಲ್ಲ. ಇದು ಹಲಗೆ ಒರೆಸುವ ಹುಡುಗನಿಗೂ ಗೊತ್ತು, ಡೀಲರಿಗೂ ಗೊತ್ತು, ಕಂಪನಿಗೂ ಗೊತ್ತು.

ಬೆಲೆ ಇಳಿಯುವುದೇ ಇಲ್ಲ ಎಂದಲ್ಲ. 2022ರಲ್ಲಿ ಉಕ್ರೇನ್ ಯುದ್ಧದ ಹೊತ್ತಿಗೆ ಉಕ್ಕು ಟನ್ನಿಗೆ 70 ಸಾವಿರ ರೂಪಾಯಿ ದಾಟಿತ್ತು. ಕೇಂದ್ರ ಸರ್ಕಾರ ಮೇ 22ರಿಂದ ರಫ್ತಿನ ಮೇಲೆ ಶೇ 15 ಸುಂಕ ಹಾಕಿದ್ದೇ ತಡ, ಕೆಲವೇ ವಾರಗಳಲ್ಲಿ ಕೆಳಗಿಳಿಯಿತು. ನವೆಂಬರಿನಲ್ಲಿ ಸುಂಕ ತೆಗೆದರು. ಆ ಆರು ತಿಂಗಳಲ್ಲಿ ಕಂಬಿ ಕೊಂಡವರು ಪುಣ್ಯವಂತರು. ನಮ್ಮ ಬೀದಿಯಲ್ಲಿ ಅಂಥವರು ಒಬ್ಬರಿದ್ದಾರೆ, ಮಾತು ಎಲ್ಲಿಂದ ಶುರುವಾದರೂ ಅಲ್ಲಿಗೇ ತರುತ್ತಾರೆ.

ಮನೆ ಕಟ್ಟಿಸಲು ಹೊರಟವರಿಗೆ ಒಂದು ಮಾತು. ಕಂಬಿಯನ್ನು ತೂಕದ ಮೇಲೇ ಕೊಳ್ಳಿ, ಎಣಿಕೆಯ ಮೇಲೆ ಬೇಡ. ಇಟ್ಟಿಗೆಯ ಲಾರಿ ಬಂದಾಗ ಟೇಪು ಕೈಯಲ್ಲಿರಲಿ. ಸಾಧ್ಯವಾದರೆ ಮಾರ್ಚಿನಲ್ಲಿ ಮೋಲ್ಡ್ ಹಾಕಿಸಬೇಡಿ. ಗುತ್ತಿಗೆದಾರ ತರುವ ಕರಾರುಪತ್ರದಲ್ಲಿ, ಚದರಕ್ಕೆ ಇಷ್ಟು ಎಂದು ಬರೆದ ಕೆಳಗೆ, 'ಸಾಮಗ್ರಿಗಳ ಬೆಲೆ ಏರಿದಲ್ಲಿ ಹೆಚ್ಚುವರಿ ಮೊತ್ತವನ್ನು ಮಾಲೀಕರೇ ಭರಿಸತಕ್ಕದ್ದು' ಎಂಬ ಸಾಲು ಇದ್ದೇ ಇರುತ್ತದೆ. ಅದರ ಕೆಳಗೆ 'ಇಳಿದಲ್ಲಿ ಉಳಿದ ಮೊತ್ತವನ್ನು ಮಾಲೀಕರಿಗೆ ಹಿಂದಿರುಗಿಸತಕ್ಕದ್ದು' ಎಂದು ನೀವೇ ಒಂದು ಸಾಲು ಸೇರಿಸಿ. ಗುತ್ತಿಗೆದಾರ ನಗುತ್ತಲೇ ಸಹಿ ಹಾಕುತ್ತಾನೆ. ಬೆಲೆ ಇಳಿಯುವ ಹೊತ್ತಿಗೆ ನಿಮ್ಮ ಗೃಹಪ್ರವೇಶದ ಊಟ ಮುಗಿದಿರುತ್ತದೆಂದು ಅವನಿಗೆ ಗೊತ್ತು. ಆದರೂ ಸೇರಿಸಿ.